ಅಮ್ಮನಿಗೆ ನಿನ್ನ ಅಪ್ಪಣೆ

ಪ್ಲಾಯಾ ಓಂಡಾ, ನದಿದಂಡೆ
ಸೆಪ್ಟೆಂಬರ್ ೧೨, ಗುರುವಾರ

ಪ್ರೀತಿಯ ತಮ್ಮ ಎಲಿಯೆಸೆರನಿಗೆ,

ಮಾತೆ ಮರಿಯಳ ಕೃಪೆ ನಿನ್ನ ಮೇಲಿರಲಿ. ಮುರಿದ ಕಾಲು ಹೇಗಿದೆ? ಮೂಳೆ ಇನ್ನೂ ಕೂಡಿಲ್ಲ, ದೋಣಿಯಲ್ಲಿ ಕೂರುವ ಹಾಗಿಲ್ಲ ಎಂದು ದೋಣಿಯ ತೆಯೋಫಿಲೊ ಹೇಳಿದ. ಎದ್ದು ಓಡಾಡಲು ಹೋಗಬೇಡ. ನಿನ್ನ ಚಿನ್ನದ ಗಣಿಯಲ್ಲಿ ಫೋನು ಸಿಗದಲ್ಲ, ಅವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ಅಮ್ಮನ ಹೊಟ್ಟೆಯ ಗಡ್ಡೆ ಈಗ ಹೊರಗಿನಿಂದಲೇ ಕಾಣುತ್ತದೆ. ಬಾಳೆಕಾಯಿ ಗಂಜಿ ಬಿಟ್ಟಳು, ಮೀನಿನ ಸಾರೂ ಬಿಟ್ಟಳು. ಹತ್ತಿ ನೆನೆಸಿ ತುಟಿಗೆ ಒತ್ತುತ್ತೇನೆ. ನರ್ಸ್ ಯಾಜೈರಾ ಬಂದು ನೋವು ಇಳಿಸುವ ಹನಿಮದ್ದು ಕೊಟ್ಟು ಹೋಗುತ್ತಾಳೆ. "ಪೇಟೆ ಆಸ್ಪತ್ರೆಗೆ ಹೊತ್ಕೊಂಡು ಹೋದ್ರೆ ದೋಣೀಲೇ ಪ್ರಾಣ ಹೋಗುತ್ತೆ ಅಕ್ಕಾ. ಇಲ್ಲೇ ಇರಲಿ, ಕೈ ಹಿಡ್ಕೊಂಡಿರಿ," ಅಂದಳು, ಪುಣ್ಯಾತ್ಗಿತ್ತಿ. ಊರ ಹೆಂಗಸರು ಸರದಿಯ ಮೇಲೆ ಬಂದು ಕೂತು ಮೆಲ್ಲಗೆ ಹಾಡುತ್ತಾರೆ. ಹತ್ತಿರ ಯಾರೂ ಅಳುವುದಿಲ್ಲ. ಕಣ್ಣೀರು ಬಿದ್ದರೆ ಹೋಗುವ ಜೀವಕ್ಕೆ ದಾರಿ ಕೆಸರಾಗುತ್ತದಲ್ಲ. ಅಳು ಬಂದವರು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುತ್ತಾರೆ. ಮನೆಯಲ್ಲಿ ಈರುಳ್ಳಿಯೇ ಮುಗಿದಿದೆ.

ನಾವು ಮಕ್ಕಳೆಲ್ಲ ಅವಳ ಹಣೆಗೆ ಶಿಲುಬೆ ಗುರುತಿಟ್ಟು, ತಪ್ಪಿಗೆ ಕ್ಷಮೆ ಕೇಳಿ, ಹೋಗಲು ಅಪ್ಪಣೆ ಕೊಟ್ಟಾಯಿತು. ನೀನೊಬ್ಬ ಬಾಕಿ. ನೀನೋ, "ನಾನು ಬರೋವರೆಗೂ ಹೋಗ್ಬೇಡ ಅಂತ ಅಮ್ಮಂಗೆ ಹೇಳು," ಎಂದು ಹೇಳಿಕಳಿಸಿದೆ. ತೆಯೋಫಿಲೊ ಹಾಸಿಗೆ ಹತ್ತಿರವೇ ನಿಂತು ಗಟ್ಟಿಯಾಗಿ ಹೇಳಿಬಿಟ್ಟ. ಹೋಗುವವರಿಗೆ ಅಂಥ ಮಾತು ಹೇಳುತ್ತಾರೇನೋ? ಅಂದಿನಿಂದ ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದಾಳೆ. ಹನಿಯ ಬಲ ಇಳಿದರೆ ನರಳುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ. ನೋಡಲಾಗದೆ ನಿನ್ನೆ ನಮ್ಮ ಕಿರಿಯ ಹೆರ್ಮೆಸ್ ನಿನ್ನ ದನಿ ಮಾಡಿ, "ಹೋಗಮ್ಮಾ, ನಾನು ಎಲಿಯೆಸೆರ್," ಎಂದ. ಅಮ್ಮ ಕಣ್ಣು ಬಿಟ್ಟು, "ಅವನು ಯಾವತ್ತು ಇಷ್ಟು ನಯವಾಗಿ ಮಾತಾಡಿದಾನೋ, ಕತ್ತೆ!" ಎಂದಳು. ನಾವೆಲ್ಲ ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ಅಡುಗೆಮನೆಗೆ ಹೋದೆವು.

ದೇವರು ನಿನ್ನನ್ನು ಕಾಯಲಿ. ಇಲ್ಲಿ ನಿನ್ನ ಮೇಲೆ ಯಾರಿಗೂ ಕೋಪವಿಲ್ಲ.

ನಿನ್ನ ಅಕ್ಕ,
ದೊಮಿತಿಲಾ

ಮತ್ತೆ: ತೆಯೋಫಿಲೊ ದೋಣಿಯ ಇಂಜಿನ್ ಶುರು ಮಾಡಿಬಿಟ್ಟ. ಸುತ್ತಿ ಬಳಸಿ ಬರೆದೆ, ನೇರವಾಗಿ ಹೇಳುತ್ತೇನೆ. ಅವಳನ್ನು ಬಿಟ್ಟುಕೊಡು ತಮ್ಮಾ. ಇವನ ಫೋನಿನಲ್ಲಿ ನಿನ್ನ ದನಿ ತುಂಬಿ ಇವನ ಕೈಯಲ್ಲೇ ಕಳಿಸು, ಅವಳ ಕಿವಿಗೆ ಹಿಡಿಯುತ್ತೇನೆ. ಹೇಳುವಾಗ ಒಬ್ಬನೇ ಇರಬೇಡ, ಜೊತೆಯವರನ್ನು ಪಕ್ಕದಲ್ಲಿ ಕೂರಿಸಿಕೋ. "ಹೋಗಮ್ಮಾ" ಅಂದರೆ ಸಾಕು. "ಬೇಗ ಬರ್ತೀನಿ" ಅಂತ ಮಾತ್ರ ಬಾಯಿ ತಪ್ಪಿಯೂ ಅನ್ನಬೇಡ. ಮತ್ತೆ ಕಾಯುತ್ತಾಳೆ.