ನಿಲ್ಲವ್ವನ ಸರ್ಕಲ್ಲಿನ ಕಲ್ಲು

ಹುಲ್ಲಕೇರಿ
ಹದಿಮೂರನೆಯ ತಿಂಗಳ ನಲವತ್ತನೆಯ ದಿನ, ಇಸವಿ ೨೩೧೪

ಈ ಸರ್ಕಲ್ಲನ್ನು ದಿನವೂ ದಾಟುವ ನನ್ನ ಹಿರಿಯರಿಗೆ,

ಮುನ್ನೂರು ವರ್ಷಗಳಲ್ಲಿ ಮಾತು ಸವೆದಿದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಹೈಸ್ಕೂಲಿನವರೆಗೆ ಓದಿದವಳು. ತಪ್ಪು ಬರೆದೇನು, ಸುಳ್ಳು ಬರೆಯುವುದಿಲ್ಲ.

ನಿಮ್ಮ ನಾಲ್ಕು ರಸ್ತೆಗಳು ಈಗಲೂ ಅಲ್ಲೇ ಕೂಡುತ್ತವೆ. ಬಸ್ಸಿನ ಬದಲು ತೇಲುಬಂಡಿ ಬಂದಿದೆ. ಅದು ನೆಲ ಮುಟ್ಟದೆ ಮೊಣಕಾಲೆತ್ತರದಲ್ಲಿ ಹೋಗುವ ಗಾಡಿ. ಮೂಡಣ ಮೂಲೆಯಲ್ಲಿ ಇಂದಿಗೂ ಮಿರ್ಚಿ ಕರಿಯುತ್ತಾರೆ. ನಡುವೆ ಗೇಣುದ್ದದ ಕಲ್ಲು, ಅದರ ಮೇಲೆ ಒಂದೇ ಪದ: ನಿಲ್ಲವ್ವ. ಊರು ಕಟ್ಟಿದವಳು ಆಕೆ, ನಮ್ಮ ಮನೆತನದ ಮೂಲ ತಾಯಿ ಎಂದು ಏಳು ತಲೆಮಾರು ನಂಬಿದೆವು. ನಮ್ಮ ಕಡೆಯ ಹೆಂಗಸರ ಹೆಸರುಗಳು ಹಾಗೆಯೇ ಮುಗಿಯುವುದರಿಂದ ಯಾರಿಗೂ ಅನುಮಾನ ಬರಲಿಲ್ಲ. ವರ್ಷಕ್ಕೊಮ್ಮೆ ಬಂಡಿಗಳನ್ನೆಲ್ಲ ನಿಲ್ಲಿಸಿ, ನಮ್ಮ ಮನೆಯ ಹಿರಿಯಳು ಮೊದಲು ರಸ್ತೆ ದಾಟುತ್ತಾಳೆ. ಇದಕ್ಕೆ ಮುಂದಡಿ ಎನ್ನುತ್ತೇವೆ. ನಲವತ್ತೊಂದು ವರ್ಷದಿಂದ ಅದು ನನ್ನದು. ಹೋದ ವರ್ಷ ಮಿರ್ಚಿ ಅಂಗಡಿಯ ಶಾವಂತ್ರೆವ್ವ ಮರೆತು ನನಗಿಂತ ಮುಂದೆ ಕಾಲಿಟ್ಟಳು. "ನಿಲ್ಲವ್ವನ ರಕ್ತ ಐತೇನ ನಿನ್ನ ಮೈಯಾಗ? ಸರಿ ಹಿಂದಕ್ಕ!" ಎಂದು ಊರೆದುರು ಗದರಿದೆ. ಅವಳು ತಲೆ ತಗ್ಗಿಸಿ ಹೋದಳು.

ನಿನ್ನೆ ರಸ್ತೆ ಅಗೆದರು. ಹಳೆಯದನ್ನು ಕೆರೆಯದೆ ಡಾಂಬರಿನ ಮೇಲೆ ಡಾಂಬರು ಸುರಿದವರು ನೀವು. ಹನ್ನೊಂದು ಪದರ ಎಣಿಸಿದೆ. ಅವುಗಳಡಿ ಕಲ್ಲು ಆಳುದ್ದ ಹೂತಿತ್ತು. ಮಣ್ಣು ಒರೆಸಿದಾಗ ಉಳಿದ ಸಾಲುಗಳು ಕಂಡವು: ನಿಲ್ಲವ್ವ, ಎರಡೂ ಕಡೆ ನೋಡು, ಆಮೇಲೆ ದಾಟು.

ಮೂರು ಸಲ ಓದಿದೆ. ಕೈಯ ಕೋಲು ಬಿದ್ದದ್ದೂ ತಿಳಿಯಲಿಲ್ಲ.

ಕೋಲು ಎತ್ತಿಕೊಟ್ಟವಳು ಶಾವಂತ್ರೆವ್ವ. "ಯವ್ವಾ, ಇದು ಹೆಸರಲ್ಲ ಬೇ, ನಿಲ್ಲು ಅಂದಾರ ಅಷ್ಟ. ಹಂಗಾರ ನೀವು ಬೋರ್ಡಿನ ಮೊಮ್ಮಗಳು ಅನ್ರಿ!" ಎಂದಳು. ಜನ ನಕ್ಕರು.

ಆದರೆ ತೀರಾ ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಓದಿದ ಮೇಲೆ ಯಾರೂ ನಗಲಿಲ್ಲ. "...ವ್ವನ ನೆನಪಿಗೆ." ಹೆಸರಿನ ಮೊದಲ ಅಕ್ಷರಗಳನ್ನು ಹಾರೆ ಒಡೆದುಹಾಕಿದೆ. ಯಾರೋ ಒಬ್ಬಳು ಅಲ್ಲಿ ನಿಲ್ಲದೆ ದಾಟಿದ್ದಾಳೆ. ಅವಳು ಸತ್ತ ಜಾಗದಲ್ಲಿ ನಾನು ನಲವತ್ತೊಂದು ಸಲ ತಲೆ ಎತ್ತಿಕೊಂಡು ನಡೆದಿದ್ದೇನೆ.

ನಾಡಿದ್ದು ಮುಂದಡಿ. ಶಾವಂತ್ರೆವ್ವನೇ ಮೊದಲು ದಾಟಲಿ ಎಂದು ಅವಳ ಅಂಗಡಿಗೇ ಹೋಗಿ ಹೇಳಿಬಂದೆ. ನಾನು ಕಲ್ಲಿನ ಬಳಿ ನಿಂತು ಸತ್ತವಳ ಹೆಸರು ಕೂಗಬೇಕು, ಅದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತು. ಅವಳ ಮನೆಯವರು ನಿಮ್ಮ ಓಣಿಯಲ್ಲೇ ಇದ್ದಾರು. ಮುಂದಿನ ಡಾಂಬರು ಬೀಳುವ ಮೊದಲು, ಹೂತುಹೋಗದಂತೆ ಕಲ್ಲಿನ ಮೇಲ್ತುದಿಯಲ್ಲಿ ಆ ಹೆಸರು ಕೆತ್ತಿಸಿರಿ.

ಇಂತಿ,
ಗುರುಬಸವ್ವ
(ನಿಲ್ಲವ್ವನವರ ಎಂಬ ಅಡ್ಡಹೆಸರು ಬರೆಯಲು ಕೈ ಬರಲಿಲ್ಲ.)