ನೀರು ನಿಲ್ಲಿಸಿದ ಓನರ್ ಅವರಿಗೆ

ಬಟವಾಡಿ, ತುಮಕೂರು
ನವೆಂಬರ್ ೨೦೦೧

ಓನರ್ ರೇಣುಕಾಪ್ರಸಾದ್ ಅವರಿಗೆ, ಕೆಳಮನೆಯ ವನಜಾಕ್ಷಿಯ ನಮಸ್ಕಾರ.

ನಿನ್ನೆ ನಮ್ಮ ಶಾಲೆಯ ನೀರು ನಿಲ್ಲಿಸಿದಿರಿ. ಬುದ್ಧಿಮಾಂದ್ಯ ಮಕ್ಕಳಿಗೆ ದಿನಕ್ಕೆ ಎಷ್ಟು ಸಲ ಕೈಕಾಲು ತೊಳೆಸಬೇಕು ಅನ್ನೋದು ಮಹಡಿ ಮೇಲಿರುವ ನಿಮಗೆ ಗೊತ್ತಿಲ್ಲದ್ದಲ್ಲ. ಕೇಳಲು ಬಂದರೆ, "ನಾಮಪತ್ರ ವಾಪಸ್ ತಗೊಳ್ಳಿ, ನೀರು ತಾನಾಗೇ ಬರುತ್ತೆ. ಸೇವೆ ಮಾಡೋರಿಗೆ ಎಲೆಕ್ಷನ್ ಯಾಕೆ ಮೇಡಂ?" ಅಂದಿರಿ.

ಯಾಕೆ ಅಂತ ಹೇಳ್ತೀನಿ. ನಾನು ಕುಣಿಗಲ್‌ನಲ್ಲಿ ಫೈನಾನ್ಸ್ ಕಂಪನಿಯ ಮ್ಯಾನೇಜರ್ ಕೆಲಸ ಬಿಟ್ಟು ಬಂದು ಈ ಶಾಲೆ ತೆರೆದಾಗ ಹಾರ ಹಾಕಿ ಹೊಗಳಿದವರು ನೀವೇ. ಬಾಗಿಲ ಮುಂದಿನ ಚರಂಡಿಗೆ ಚಪ್ಪಡಿ ಹಾಕಿಸಿ ಅಂತ ವಾರ್ಡ್ ಮೆಂಬರ್ ಆದ ನಿಮ್ಮ ಭಾವಮೈದ ಶಿವಮೂರ್ತಿಯವರ ಮನೆಗೆ ಅಲೆದು ಅಲೆದು ಸಾಕಾಯಿತು. ಗುಬ್ಬಿಯಿಂದ ಶಾಲೆಗೆ ಬರುವ ಹುಡುಗಿ ಶಾಂತಲಾ ಆ ಚರಂಡಿಯೊಳಗೆ ಬಿದ್ದು ಕೈ ಮುರಿದುಕೊಂಡಳು. ಶಿವಮೂರ್ತಿಯವರು ಆಸ್ಪತ್ರೆಗೆ ಬಂದು ಹಣ್ಣು ಕೊಟ್ಟು ಫೋಟೋ ತೆಗೆಸಿಕೊಂಡು ಹೋದರು. ಚಪ್ಪಡಿ ಇವತ್ತಿಗೂ ಬಂದಿಲ್ಲ. ಅದಕ್ಕೇ ಅವರ ಎದುರು ನಿಂತಿದೀನಿ. ಕೈಚಾಚಿ ನಿಂತಿರೋವರೆಗೆ ಒಳ್ಳೆಯವಳು, ವೋಟು ಕೇಳಿದ ಕೂಡಲೇ ಕೆಟ್ಟವಳೇ?

ನಾಳೆ ಮಕ್ಕಳು ಬರೋದರೊಳಗೆ ನೀರು ಬಿಡಿ. ಮನೆ ಖಾಲಿ ಮಾಡಿಸೋದಾದರೆ ನೋಟಿಸ್ ಕೊಡಿ, ಕಾನೂನಿನ ಪ್ರಕಾರ ಉತ್ತರ ಕೊಡ್ತೀನಿ.

ಇನ್ನೊಂದು ಮಾತು. ನಿನ್ನೆ ನಿಮ್ಮ ತಾಯಿ ಬಸವಲಿಂಗಮ್ಮನವರು ಬಿಂದಿಗೆ ಹೊತ್ತು ಮೆಟ್ಟಿಲಿಳಿದು ಬಂದು ಮಕ್ಕಳ ಕೈ ತೊಳೆಸಿದರು. ನನ್ನ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದವರೂ ಅವರೇ. "ನನ್ನ ಮಗನಿಗೆ ಬರೆದು ತಿಳಿಸವ್ವ, ಹೆದರ್ಕೋಬೇಡ" ಅಂದರು. ನನ್ನನ್ನು ಕಣದಿಂದ ಇಳಿಸೋಕೆ ಮುಂಚೆ ಅವರ ಮುಂದೆ ನಿಂತು ಮಾತಾಡಿ.

ಇಂತಿ,
ನಿಮ್ಮ ವಾರ್ಡಿನ ಪಕ್ಷೇತರ ಅಭ್ಯರ್ಥಿ
ವನಜಾಕ್ಷಿ