ತೊಗಟೆಯ ಚೀಸಿಗೂ ಒಂದು ಬಾಗಿಲಿರಲಿ

ಮಾನ್ಯ ಆಹಾರ ಸುರಕ್ಷತಾ ಅಧಿಕಾರಿಗಳೇ,

ಫರ್ ಮರದ ತೊಗಟೆಯಲ್ಲಿ ಸುತ್ತಿ ಹದಗೊಳಿಸುವ ನಮ್ಮ ಕುರಿಹಾಲಿನ ಚೀಸನ್ನು ಇನ್ನು ಮಾರುವಂತಿಲ್ಲ ಎಂದಿದ್ದೀರಿ. ತೊಗಟೆಯನ್ನು ತೊಳೆಯಲು ಆಗುವುದಿಲ್ಲವಂತೆ, ಪ್ಲಾಸ್ಟಿಕ್ ಬಳಸಬೇಕಂತೆ. ಒಮ್ಮೆ ಬಳಸಿ ಒಲೆಗೆ ಹಾಕುವ ತೊಗಟೆಯನ್ನು ಯಾರಾದರೂ ಏಕೆ ತೊಳೆಯಬೇಕು, ಸ್ವಾಮಿ? ಕಿತ್ತಳೆ ಹಣ್ಣಿನ ಸಿಪ್ಪೆಯನ್ನೂ ಸೋಪು ಹಾಕಿ ತೊಳೆದಿಡುತ್ತೀರಾ?

ನಾನು ಈ ಬೆಟ್ಟದೂರಿಗೆ ಬಂದ ಹೊಸ ಸೊಸೆ. ಮದುವೆಯ ಹೂಕಿರೀಟ ಬಾಗಿಲ ಮೇಲೆ ಇನ್ನೂ ಪೂರ್ತಿ ಒಣಗಿಲ್ಲ. ನನ್ನ ಸಂತೋಷಕ್ಕೆ ಮಿತಿಯಿಲ್ಲ. ದೂರು ಬರೆಯಲು ಕೂತರೂ ಕಣ್ಣು ಅಂಗಳದಲ್ಲಿ ಉಣ್ಣೆ ಕತ್ತರಿಸುತ್ತಿರುವ ನನ್ನ ಗಂಡ ತ್ರಾಯಾನ್ ಕಡೆಗೇ ಓಡುತ್ತದೆ. ಅದಕ್ಕೇ ಇದೆಲ್ಲ ಕೈತಪ್ಪೀತೆಂಬ ಹೆದರಿಕೆ.

ನಾನು ನಿಯಮಗಳ ವಿರೋಧಿಯಲ್ಲ. ಬಂದ ಹೊಸದರಲ್ಲಿ ಅತ್ತೆ ವೆತೂರಿಯಾ ಬಿಸಿ ನೊರೆಹಾಲಿನ ಲೋಟವನ್ನು ನನ್ನ ತುಟಿಗೇ ಹಿಡಿದಿದ್ದರು. ಅಷ್ಟರಲ್ಲಿ ನಿಮ್ಮ ಪಶುವೈದ್ಯರ ಫೋನ್ ಬಂತು: ಪರೀಕ್ಷೆಯಲ್ಲಿ ಒಂದು ಕುರಿಗೆ ರೋಗ ಕಂಡಿದೆ, ಹಾಲು ಕುಡಿಯಬೇಡಿ.

“ನನ್ನ ಕುರಿಗೆ ರೋಗಾನಾ? ಅವನ ಬಾಯಿಗೆ ಹುಳ ಬೀಳ!” ಎಂದು ಅತ್ತೆ ಕೂಗಾಡಿದರು. ಆದರೂ ಲೋಟವನ್ನು ಕಿತ್ತುಕೊಂಡು ಹಾಲನ್ನು ಚೆಲ್ಲಿದರು. ಯುರೋಪ್ ಒಕ್ಕೂಟದ ಎಲ್ಲ ದೇಶಗಳಿಗೂ ಅನ್ವಯಿಸುವ ಆ ಪರೀಕ್ಷೆಗೆ ನಾನು ಋಣಿ.

ಆದ್ದರಿಂದಲೇ ಪ್ಲಾಸ್ಟಿಕ್ಕನ್ನೂ ಒಪ್ಪಿದೆವು. ಬರಿಯ ಪ್ಲಾಸ್ಟಿಕ್ ಸುತ್ತಿದ ಚೀಸನ್ನು ಸಂತೆಗೆ ಕಳಿಸಲು ಅತ್ತೆಗೆ ನಾಚಿಕೆ. ಅದರ ಮೇಲೆ ಗುಟ್ಟಾಗಿ ತೊಗಟೆ ಕಟ್ಟಿದರು! ಒಳಗೆ ಬೆವೆತು ಹುಳಿಯಾದದ್ದನ್ನು ಹಳೆಯ ಗಿರಾಕಿಯೊಬ್ಬರು ಮೂಸಿ, “ಏನಮ್ಮಾ ವೆತೂರಿಯಾ, ಹೆಣಕ್ಕೆ ಕೋಟು ಹಾಕಿ ತಂದಿದ್ದೀಯಾ?” ಎಂದರು. ಸಂತೆಯೆಲ್ಲ ನಕ್ಕಿತು. ಅತ್ತೆ ಚೀಸನ್ನೆಲ್ಲ ಹಾಗೇ ಹೊತ್ತು ಮನೆಗೆ ಮರಳಿದರು.

ಆ ಸಂಜೆ ತ್ರಾಯಾನ್ ಸ್ಪೇನಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದ. ಅಲ್ಲಿ ಸ್ಟ್ರಾಬೆರಿ ಕೀಳಲು ಜನ ಬೇಕಂತೆ.

“ಒಂದೇ ಒಂದು ಚಳಿಗಾಲ ಕಣೇ.”

“ನಿಮ್ಮಣ್ಣನೂ ಹಾಗೇ ಹೇಳಿ ಹೋದೋನು. ಅವನ ಮಗು ಈಗ ಫೋನನ್ನೇ ಅಪ್ಪಾ ಅಂತ ಕರೆಯುತ್ತೆ.”



ಸಾಂಪ್ರದಾಯಿಕ ಆಹಾರಕ್ಕೆ ವಿನಾಯಿತಿ ಕೇಳುವ ಅವಕಾಶ ಒಕ್ಕೂಟದ ನಿಯಮಗಳಲ್ಲೇ ಇದೆ. ಬೇರೆ ದೇಶಗಳು ಕೇಳಿ ಪಡೆದಿವೆ. ನೀವು ಕೇಳಿಯೇ ಇಲ್ಲ. ಒಕ್ಕೂಟದ ಕಚೇರಿಯಿರುವ ದೂರದ ಬ್ರಸೆಲ್ಸ್ ಕಡೆಗೆ ಬೆರಳು ತೋರಿಸಿ ಕೂತಿದ್ದೀರಿ. ಬಾಗಿಲು ಮುಚ್ಚಿದವರು ಯಾರು, ಅವರೋ ನೀವೋ? ನಮ್ಮ ಹಾಲನ್ನು ಪರೀಕ್ಷಿಸಿ, ತೊಗಟೆಯನ್ನು ಪರೀಕ್ಷಿಸಿ, ಬೇಕಾದರೆ ಅತ್ತೆಯ ತಾಳ್ಮೆಯನ್ನೂ ಪರೀಕ್ಷಿಸಿ. ಆದರೆ ಚಳಿಗಾಲಕ್ಕೆ ಮಂದೆ ಬೆಟ್ಟದಿಂದ ಇಳಿಯುವ ಮೊದಲು ಆ ವಿನಾಯಿತಿಯನ್ನು ಕೇಳಿ.

ಏಕೆಂದರೆ ಈ ವಿಶಾಲ ಮಾರುಕಟ್ಟೆಯಲ್ಲಿ ನಮ್ಮ ಚೀಸು ಪಕ್ಕದ ಪೇಟೆಗೆ ಹೋಗಬೇಕಾದರೂ ನಿಮ್ಮ ಮುದ್ರೆ ಬೇಕು. ನನ್ನ ಗಂಡ ಸ್ಪೇನಿಗೆ ಹೋಗಲು ಯಾರ ಅಪ್ಪಣೆಯೂ ಬೇಡ.

ಇಂತಿ,
ಗಂಡನನ್ನು ರಫ್ತು ಮಾಡಲು ಇನ್ನೂ ಒಪ್ಪದ,
ರುಕ್ಸಾಂದ್ರಾ